ಹೌದಿಗೆ ಜೋಳ, ಇಲ್ಲಕ್ಕೆ ತೊಗರಿ

ನಮ್ಮ ಬಾಯಿಯವರಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಎಳವೆಯಲ್ಲಿ ಬಂದ ಮಂಗನಬಾವು ಅದನ್ನು ಕಸಿದುಕೊಂಡಿತ್ತಂತೆ. ಹಾಗಾಗಿ ಯಾರೇ ಮಾತಾಡಲಿ, ಅವರು ಮುಖವನ್ನು ಒಂದಿಷ್ಟು ಎಡಕ್ಕೆ ಹೊರಳಿಸಿ, ಕೆಂಪು ಹರಳಿನ ಬೆಂಡೋಲೆಯಿದ್ದ ಬಲಗಿವಿಯನ್ನು ಮುಂದೆ ಮಾಡಿ, ಕಣ್ಣನ್ನು ಮಾತ್ರ ಓರೆಯಾಗಿ ಎದುರಿನವರ ಮೇಲಿಟ್ಟು ಕೇಳುತ್ತಿದ್ದರು. ಗೊತ್ತಿಲ್ಲದವರಿಗೆ ಅದು ಅಪಾರ ಕರುಣೆಯ ಭಂಗಿಯಾಗಿ ಕಾಣುತ್ತಿತ್ತು. ತಮ್ಮ ಮಾತನ್ನು ಇಷ್ಟು ಗಮನವಿಟ್ಟು ಇನ್ನಾರೂ ಕೇಳಿಲ್ಲ ಎನ್ನಿಸಿ, ಹೇಳಬಾರದು ಅಂದುಕೊಂಡದ್ದನ್ನೂ ಹೇಳಿಬಿಡುತ್ತಿದ್ದರು. ಬಾಯಿಯವರಿಗೂ ಇದು ಗೊತ್ತಿತ್ತು. "ದೇವರು ಒಂದು ಕಿವಿ ತಗೊಂಡು ಒಂದು ಉದ್ಯೋಗ ಕೊಟ್ಟ" ಎನ್ನುತ್ತಿದ್ದರು.

ಮರಾಠಿಯವರು ಕಲಿಸುವ ಹೆಂಗಸನ್ನು 'ಬಾಯಿ' ಅನ್ನುತ್ತಾರೆ. ಕನ್ನಡದ ಮನೆಯಲ್ಲಿ ಬೆಳೆದ ನನಗೆ ಮೊದಮೊದಲು ಈ ಶಬ್ದ ನಗು ತರಿಸುತ್ತಿತ್ತು. ಕೇಳುವುದನ್ನೇ ಕಸುಬು ಮಾಡಿಕೊಂಡ ಹೆಂಗಸಿಗೆ ಊರೆಲ್ಲ ಬಾಯಿ ಎಂದು ಹೆಸರಿಟ್ಟಿದೆಯಲ್ಲ ಅಂತ. ಅವರು ಕಲಬುರಗಿಯವರು. ಈಗ ಛತ್ರಪತಿ ಸಂಭಾಜಿನಗರ ಎನಿಸಿಕೊಂಡಿರುವ ಊರು ಔರಂಗಾಬಾದ್ ಆಗಿದ್ದ ಕಾಲದಲ್ಲಿ, ಅಲ್ಲಿನ ಒಂದು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ಇಳಕಲ್ ಸೀರೆ, ಕೈಯಲ್ಲಿ ಬೆತ್ತದ ಬುಟ್ಟಿ, ಬುಟ್ಟಿಯಲ್ಲಿ ಪುಸ್ತಕಗಳ ಮೇಲೆ ಒಂದು ಪೊಟ್ಟಣ ಕರಿದ ಮೆಣಸಿನಕಾಯಿ. ಸರಕಾರಿ ಎಸ್.ಟಿ. ಬಸ್ಸಿನಲ್ಲಿ ಅವರಿಗೆ ಎಡಬದಿಯ ಕಿಟಕಿಯೇ ಬೇಕು. ಆಗ ಬಲಗಿವಿ ಪಕ್ಕದವರ ಕಡೆಗಿರುತ್ತದೆ. ನಾಶಿಕದ ದಾರಿಯಲ್ಲಿ ವೈಜಾಪುರ ದಾಟುವುದರೊಳಗೆ ಪಕ್ಕದ ಪ್ರಯಾಣಿಕ ತನ್ನ ದಾಯಾದಿ ಜಗಳ, ಮಗಳ ಸಂಬಂಧ, ಮೂಲವ್ಯಾಧಿ ಎಲ್ಲವನ್ನೂ ಅವರ ಮುಂದೆ ಬಿಚ್ಚಿಟ್ಟಿರುತ್ತಿದ್ದ.

ನಾನು ಅವರ ಕೈಕೆಳಗೆ ಸಂಶೋಧನಾ ಸಹಾಯಕಿಯಾಗಿ ಸೇರಿದ್ದು ಎಪ್ಪತ್ತರ ದಶಕ ಆಗಷ್ಟೇ ಕಾಲಿಟ್ಟಾಗ. ನಮ್ಮಪ್ಪ ಭಾಲ್ಕಿಯಿಂದ ಬಂದು ಔರಂಗಾಬಾದಿನಲ್ಲಿ ಅರಿವೆ ಅಂಗಡಿ ಇಟ್ಟಿದ್ದರು. ಎಂ.ಎ. ಮುಗಿಸಿದ ಮಗಳಿಗೆ ಬೀದರಿನಲ್ಲಿ ವರ ನೋಡುವುದೋ ಕೆಲಸಕ್ಕೆ ಕಳಿಸುವುದೋ ಎಂದು ಮನೆಯಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ. ಸಂದರ್ಶನಕ್ಕೆ ಹೋದೆ. ಬಾಯಿಯವರು ನನ್ನ ಅಂಕಪಟ್ಟಿ ಮುಟ್ಟಲಿಲ್ಲ.

"ಹೋದ ವಾರದಾಗ ಎಷ್ಟು ಸುಳ್ಳು ಹೇಳೀರಿ?" ಎಂದರು.

ನಾನು ಯೋಚಿಸಿ ಹೇಳಿದೆ. "ವಾರದ್ದು ನೆನಪಿಲ್ರಿ. ಈಗ ಒಳಗ ಬರ್ತಾ ಗುಮಾಸ್ತರ ಮುಂದ ಅಂಜಿಕಿ ಏನೂ ಇಲ್ಲ ಅಂದೆ. ಅದೊಂದು."

ಅವರು ನಕ್ಕರು. "ನಾನು 'ಸುಳ್ಳು ಹೇಳೀರೇನು' ಅಂತ ಕೇಳಿದ್ರ ನೀವು ಏನಂತಿದ್ರಿ?"

"ಇಲ್ಲ ಅಂತಿದ್ದೆ."

"ಅಷ್ಟೇ ನೋಡ್ರಿ ನಮ್ಮ ಶಾಸ್ತ್ರ. 'ಎಷ್ಟು' ಅಂತ ಕೇಳಿದ್ರ ಹೇಳ್ತಾರ, 'ಏನು' ಅಂದ್ರ ಬಾಗಲಾ ಹಾಕ್ತಾರ. ಸೋಮವಾರ ಬರ್ರಿ."

ಮನುಷ್ಯರ ನಡತೆಯನ್ನು ತಿಳಿಯಲು ಅವರನ್ನೇ ಕೇಳುವುದು. ಬಾಯಿಯವರ ಜೀವಮಾನದ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಬೇಕೆಂದರೆ ಅದು ಇಷ್ಟೇ. ಕೇಳಲು ಎಷ್ಟು ಸುಲಭ. ಆದರೆ ಅವರ ಸಹೋದ್ಯೋಗಿಗಳು ನಗುತ್ತಿದ್ದರು. ಕಳ್ಳನನ್ನು ನೀನು ಕಳ್ಳನೇ ಎಂದು ಕೇಳಿದರೆ ಹೌದನ್ನುತ್ತಾನೆಯೇ, ಅದಕ್ಕೆ ಪೊಲೀಸರ ದಫ್ತರವಿದೆ, ಕೋರ್ಟಿನ ದಾಖಲೆಯಿದೆ ಎನ್ನುತ್ತಿದ್ದರು. ಬಾಯಿಯವರು ವಾದಿಸುತ್ತಿರಲಿಲ್ಲ. "ಮನಶಾ ಹುಟ್ಟಾ ಸುಳ್ಳ ಅಲ್ಲ, ಅಂಜಬುರುಕ. ಅಂಜಿಕಿ ತಗದು ಕೇಳಿ ನೋಡ್ರಿ" ಎಂದು ಮೆಣಸಿನಕಾಯಿ ಮುರಿಯುತ್ತಿದ್ದರು.

ಆ ಮಾತನ್ನು ಸಾಬೀತು ಮಾಡುವ ಸಂದರ್ಭ ನಾಶಿಕದಿಂದ ಬಂತು.

ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಕಲಬುರಗಿಯ ಎಂಜಿನಿಯರೊಬ್ಬರು ಬಾಯಿಯವರಿಗೆ ದೂರದ ಸಂಬಂಧಿ. ದೀಪಾವಳಿಗೆ ಮನೆಗೆ ಬಂದಾಗ ಒಂದು ವಿಷಯ ಹೇಳಿದರು. ನಾಶಿಕದಲ್ಲಿ ಒಂದು ಧರ್ಮಾರ್ಥ ಸಂಸ್ಥೆ ಬಡ ಹುಡುಗರಿಗೆ ಲೇತ್, ಫಿಟ್ಟಿಂಗ್, ವೆಲ್ಡಿಂಗ್ ಕಲಿಸುವ ವರ್ಕ್‌ಶಾಪ್ ನಡೆಸುತ್ತಿತ್ತು. ಎಂಜಿನಿಯರು ಅದರ ಸಮಿತಿಯಲ್ಲಿದ್ದರು. ಅಲ್ಲಿ ಕಲಿತವನಿಗೆ ಯಾವುದಾದರೂ ಕಾರ್ಖಾನೆಯಲ್ಲಿ ಕೆಲಸ ಖಾತ್ರಿ. ಪಂಚವಟಿಯಿಂದಾಚೆ, ಗೋದಾವರಿಯ ದಂಡೆಗುಂಟ ಹೋದರೆ ಒಂದು ವಸಾಹತು ಇತ್ತು. ಬ್ರಿಟಿಷರು 'ಹುಟ್ಟುಗಳ್ಳರು' ಎಂದು ಕಾನೂನಿನಲ್ಲಿ ಬರೆದು, ತಂತಿಬೇಲಿಯೊಳಗೆ ಕೂಡಿಹಾಕಿದ್ದ ಜನ. ಸ್ವಾತಂತ್ರ್ಯ ಬಂದ ಮೇಲೆ ಕಾನೂನು ಹೋಯಿತು, ಬೇಲಿ ಹೋಯಿತು, ಹೆಸರು ಹೋಗಲಿಲ್ಲ. ಊರಲ್ಲಿ ಸೈಕಲ್ಲು ಕಳೆದರೂ ಪೊಲೀಸರು ಮೊದಲು ಬರುತ್ತಿದ್ದದ್ದು ಅಲ್ಲಿಗೇ. ಆ ವಸಾಹತಿನ ಹುಡುಗರು ಪ್ರತಿ ವರ್ಷ ವರ್ಕ್‌ಶಾಪಿಗೆ ಅರ್ಜಿ ಹಾಕುತ್ತಿದ್ದರು. ಸಮಿತಿ ಪ್ರತಿ ವರ್ಷ ಪಕ್ಕಕ್ಕಿಡುತ್ತಿತ್ತು.

"ಸುತ್ತಿಗಿ, ಅರ, ಯಾವ ಹತಾರನೂ ಉಳಿಯೂದಿಲ್ಲ ಅಂತಾರ, ಅಕ್ಕಾ" ಎಂದರು ಎಂಜಿನಿಯರು. "ನೀವೊಮ್ಮೆ ಬಂದು ಮಾತಾಡ್ರಿ. ಹುಡುಗರು ಛಲೋ ಅದಾರ ಅಂತ ಹೇಳ್ರಿ."

"ಛಲೋ ಅದಾರೋ ಇಲ್ಲೋ ನಂಗೇನು ಗೊತ್ತು?" ಎಂದರು ಬಾಯಿಯವರು. "ಕೇಳಿ ನೋಡ್ತೀನಿ. ಅವರನ್ನೂ ಕೇಳ್ತೀನಿ, ನಿಮ್ಮ ವರ್ಕ್‌ಶಾಪಿನ ಹುಡುಗರನ್ನೂ ಕೇಳ್ತೀನಿ. ಪ್ರಶ್ನಿ ಇಬ್ಬರಿಗೂ ಒಂದೇ."

ಸಮಿತಿಯ ಅಧ್ಯಕ್ಷರು ನಿವೃತ್ತ ಜಡ್ಜ್ ಸಾಹೇಬರು. ಅವರು ಒಪ್ಪಿದರು, ಫಲಿತಾಂಶ ಏನಾಗುತ್ತದೆಂದು ಅವರಿಗೆ ಅನುಮಾನವೇ ಇರಲಿಲ್ಲ. ಒಂದು ಷರತ್ತು ಹಾಕಿದರು. ಉತ್ತರ ವಸಾಹತಿನ ಹುಡುಗರ ವಿರುದ್ಧ ಬಂದರೆ ಈ ವಿಷಯವನ್ನು ಮುಂದೆ ಯಾರೂ ಸಮಿತಿಯ ಮುಂದೆ ತರಕೂಡದು. ಬಾಯಿಯವರು ಹೂಂ ಎಂದರು. ನಾನು ಬಸ್ಸಿನಲ್ಲಿ ಕೇಳಿದೆ, "ಹಂಗ ಬಂದ್ರ ಏನ್ ಮಾಡ್ತೀರಿ?"

"ಬಂದ್ರ ಬಂದಂಗ ಹೇಳೂದು. ಉತ್ತರ ಮೊದಲೇ ಗೊತ್ತಿದ್ರ ಕೇಳೂದ್ಯಾಕ?"

ವಸಾಹತಿನ ಬಹಳ ಹುಡುಗರಿಗೆ ಓದಲು ಬರೆಯಲು ಅಷ್ಟಕ್ಕಷ್ಟೆ. ಕಾಗದದಲ್ಲಿ ಗುರುತು ಹಾಕಿಸಿದರೆ ಅಕ್ಷರದ ಭಯಕ್ಕೇ ಸತ್ಯ ಓಡಿಹೋಗುತ್ತದೆ ಎಂದು ಬಾಯಿಯವರು ಮಡಕೆಗಳ ಉಪಾಯ ಹುಡುಕಿದರು. ಒಂದು ಪ್ರಶ್ನೆಗೆ ಒಂದು ಸಣ್ಣ ಬಾಯಿಯ ಮಡಕೆ. ಪಕ್ಕದಲ್ಲಿ ಒಂದು ಬೋಗುಣಿ ಜೋಳ, ಒಂದು ಬೋಗುಣಿ ತೊಗರಿ. ಹೌದು ಎನ್ನುವವನು ಒಂದು ಜೋಳದ ಕಾಳು ಹಾಕಬೇಕು, ಇಲ್ಲ ಎನ್ನುವವನು ಒಂದು ತೊಗರಿ. ಮಡಕೆಗಳಿಗೆ ಬೇರೆಬೇರೆ ಬಣ್ಣ ಬಳಿದು, ಯಾವ ಬಣ್ಣಕ್ಕೆ ಯಾವ ಪ್ರಶ್ನೆ ಎಂದು ಮೊದಲೇ ಎಲ್ಲರಿಗೂ ಓದಿ ಹೇಳಿರುತ್ತೇವೆ. ಒಬ್ಬೊಬ್ಬನೇ ಪರದೆಯ ಹಿಂದೆ ಹೋಗಿ ಹಾಕಿ ಬರುತ್ತಾನೆ. ಎಲ್ಲರದೂ ಮುಗಿದ ಮೇಲೆ ಯಾರ ಕಾಳು ಯಾವುದೆಂದು ಬ್ರಹ್ಮನೂ ಹೇಳಲಾರ. ಗುಂಪಿನ ಮಾತು ಗೊತ್ತಾಗುತ್ತದೆ, ಒಬ್ಬನ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ.

ಜೋಳ ತಂದದ್ದು ಔರಂಗಾಬಾದಿನ ಪಕ್ಕದ ವಾಳೂಜ್‌ನಿಂದ. ಇವತ್ತು ಕಾರ್ಖಾನೆಗಳ ಗೇಟುಗಳೇ ಕಾಣುವ ಆ ಬಯಲಲ್ಲಿ ಆಗ ಎದೆಯೆತ್ತರದ ಜೋಳ ನಿಂತಿರುತ್ತಿತ್ತು. ಮೊದಲ ಮಡಕೆ ತಂದಿಟ್ಟು ನಾನು ಪರೀಕ್ಷೆಗೆಂದು ಒಂದೊಂದೇ ಕಾಳು ಹಾಕುತ್ತಿದ್ದೆ. ಬಾಯಿಯವರು ಕೋಣೆಯ ಆ ತುದಿಯಲ್ಲಿ ಬೆನ್ನು ಮಾಡಿ ಕೂತವರು, "ಜೋಳ. ಜೋಳ. ಈಗ ತೊಗರಿ" ಎಂದರು. ಕಾಳು ತಳಕ್ಕೆ ಬೀಳುವ ಸಪ್ಪಳವೇ ಬೇರೆ ಬೇರೆ. ನನ್ನ ಎರಡು ಕಿವಿಗೂ ತಿಳಿಯದ್ದು ಅವರ ಒಂದೇ ಕಿವಿಗೆ ತಿಳಿದಿತ್ತು. ಅಂದೇ ಎಲ್ಲ ಮಡಕೆಗಳ ತಳಕ್ಕೂ ಹಳೆಯ ಸೀರೆಯ ಚಿಂದಿ ಹಾಸಿದೆವು.

ಪ್ರಶ್ನೆಗಳ ಮೇಲೆ ಇನ್ನೂ ಹೆಚ್ಚು ಹೊತ್ತು ಹೋಯಿತು. ನಾನು 'ಕಳವು ಮಾಡಿದ್ದೀಯಾ' ಎಂದು ಬರೆದುಕೊಂಡು ಹೋಗಿದ್ದೆ. ಬಾಯಿಯವರು ಆ ಶಬ್ದವನ್ನು ಎರಡು ಬೆರಳಲ್ಲಿ ಸತ್ತ ಜಿರಳೆ ಎತ್ತುವ ಹಾಗೆ ಎತ್ತಿ ಹೊರಗಿಟ್ಟರು. "ಕಳವು ಅನ್ನೂದು ಜಡ್ಜನ ಮಾತು. ಮಾಡಿದವಾ ಹಂಗ ಅನ್ಕೊಳ್ಳೂದಿಲ್ಲ. 'ಕೇಳಲಾರದ ತಗೊಂಡಿ' ಅಂತ ಕೇಳ್ರಿ." ಹಾಗೆ ಉಳಿದವು: ಬೇರೆಯವರದನ್ನು ಕೇಳದೆ ತೆಗೆದುಕೊಂಡದ್ದು, ತೋಟದ ಬೇಲಿ ಹಾರಿ ದ್ರಾಕ್ಷಿಯೋ ಪೇರಲವೋ ಕಿತ್ತದ್ದು, ಟಿಕೀಟಿಲ್ಲದೆ ಗಾಡಿ ಹತ್ತಿದ್ದು, ರಕ್ತ ಬರುವ ಹಾಗೆ ಹೊಡೆದಾಡಿದ್ದು, ಪಣವಿಟ್ಟು ಇಸ್ಪೀಟೆಲೆ ಆಡಿದ್ದು. ಜೊತೆಗೆ 'ದೊಡ್ಡವರ ಮುಂದೆ ಸುಳ್ಳು ಹೇಳಿದ್ದು' ಎಂಬ ಒಂದು ಮಡಕೆ. ಅದು ಕಾವಲಿನ ಮಡಕೆ. ಅದರಲ್ಲಿ ಬರೀ ತೊಗರಿ ಬಂದರೆ ಅವತ್ತು ಎಲ್ಲರೂ ಸಂತರಾಗಿದ್ದಾರೆ, ಉಳಿದ ಯಾವ ಮಡಕೆಯನ್ನೂ ನಂಬಬಾರದು. ಕಟ್ಟಕಡೆಗೆ ಅವರು ಇನ್ನೊಂದು ಪ್ರಶ್ನೆ ಸೇರಿಸಿದರು: 'ಪೊಲೀಸರು ಎಂದಾದರೂ ಹಿಡಿದೊಯ್ದಿದ್ದಾರೆಯೇ?' ಅದು ಯಾಕೆಂದು ನನಗಾಗ ತಿಳಿಯಲಿಲ್ಲ.

ಮೊದಲ ಪ್ರಯೋಗ ನಮ್ಮ ಮನೆಯಲ್ಲೇ. ಅಪ್ಪ, ಅವ್ವ, ಅಜ್ಜಿ, ಅಣ್ಣ, ನಾನು. ಬಾಯಿಯವರು ಮೊದಲು ಬಾಯಿಮಾತಿನಲ್ಲೇ ಕೇಳಿದರು. ಅಪ್ಪ ವಿಭೂತಿಯ ಹಣೆಯೆತ್ತಿ ಎಲ್ಲದಕ್ಕೂ ಇಲ್ಲ ಎಂದರು. ನಾವೂ ಅಪ್ಪನ ಹಿಂದೆಯೇ ಇಲ್ಲ ಎಂದೆವು. ಆಮೇಲೆ ಮಡಕೆಗಳು. ಟಿಕೀಟಿನ ಮಡಕೆ ಬೋರಲು ಹಾಕಿದಾಗ ಐದೂ ಜೋಳ. ಅಪ್ಪ ಅಜ್ಜಿಯ ಮುಖ ನೋಡಿದರು. "ನಿಜಾಮನ ಗಾಡಿಗಿ ಟಿಕೀಟು ಯಾರು ತಗೀತಿದ್ರೋ?" ಎಂದಿತು ಅಜ್ಜಿ. ಅಪ್ಪ ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟುಹೋದರು. ನನ್ನನ್ನು ನಾಶಿಕಕ್ಕೆ ಕಳಿಸುವ ಬಗ್ಗೆ ಆಮೇಲೆ ಅವರು ತಕರಾರೆತ್ತಲಿಲ್ಲ.

ನಾಶಿಕದ ವರ್ಕ್‌ಶಾಪಿನಲ್ಲಿ ಕೆಲಸ ಸಲೀಸಾಗಿ ನಡೆಯಿತು. ಹುಡುಗರು ನಗುನಗುತ್ತ ಪರದೆಯ ಹಿಂದೆ ಹೋಗಿ ಬಂದರು. ಕಾವಲಿನ ಮಡಕೆಯಲ್ಲಿ ಜೋಳ ಧಾರಾಳವಾಗಿತ್ತು, ನಂಬಬಹುದಾದ ಉತ್ತರ.

ವಸಾಹತಿನಲ್ಲಿ ಸೋತೆವು. ನಮ್ಮ ರಕ್ಷಣೆಗೆಂದು ಸಮಿತಿಯವರು ಒಬ್ಬ ಪೊಲೀಸ್ ಪೇದೆಯನ್ನು ಜೊತೆಗೆ ಕಳಿಸಿದ್ದರು. ಅವನು ಹುಣಸೆಮರದ ಕೆಳಗೆ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹುಡುಗರು ಸಾಲಾಗಿ ಬಂದರು, ಸಾಲಾಗಿ ಹೋದರು. ಮಡಕೆ ಬೋರಲು ಹಾಕಿದರೆ ತೊಗರಿ, ತೊಗರಿ, ತೊಗರಿ. ಸುಳ್ಳಿನ ಮಡಕೆಯಲ್ಲೂ ತೊಗರಿ. ಕೊನೆಗೆ ಪೊಲೀಸರು ಹಿಡಿದ ಮಡಕೆಯಲ್ಲೂ ತೊಗರಿ. ಪ್ರತಿ ಮನೆಯಿಂದ ಒಬ್ಬರಾದರೂ ಠಾಣೆ ಕಂಡಿದ್ದ ಊರಲ್ಲಿ.

ನಾನು ಬೇಸರಪಟ್ಟು, "ಇವರು ಹೇಳೂದಿಲ್ರಿ" ಎಂದೆ.

ಬಾಯಿಯವರು ಮರದ ಕಡೆ ನೋಡುತ್ತಿದ್ದರು. "ಅವರ ತಪ್ಪಿಲ್ಲ. ನಮ್ಮ ಪ್ರಶ್ನಿ ಜತಿ ಆ ಟೋಪಿನೂ ಬಂದಿತ್ತು."

ಪೇದೆಯನ್ನು ಅವರು ಮರುದಿನ ಕರೆದೊಯ್ಯಲಿಲ್ಲ. ವಸಾಹತಿನಲ್ಲಿ ಎಲ್ಲರೂ ಆಜಿ ಎನ್ನುತ್ತಿದ್ದ ಮುದುಕಿಯೊಬ್ಬಳಿದ್ದಳು. ಹಲ್ಲಿಲ್ಲದ ಬಾಯಿ, ನೆಟ್ಟಗಿನ ಬೆನ್ನು. ತಂತಿಬೇಲಿಯ ದಿನಗಳಲ್ಲಿ ಹುಟ್ಟಿದವಳು. ಬಾಯಿಯವರು ಅವಳ ಗುಡಿಸಲ ಮುಂದೆ ಹೋಗಿ ನೆಲದ ಮೇಲೆ ಕೂತು, ಬಂದ ಕಾರಣವನ್ನು ಮೊದಲಿನಿಂದ ಕಡೆಯವರೆಗೆ ಹೇಳಿದರು. ಜಡ್ಜ್ ಸಾಹೇಬರ ಷರತ್ತನ್ನೂ ಮುಚ್ಚಿಡಲಿಲ್ಲ. ಮಾತೆಲ್ಲ ಮರಾಠಿಯಲ್ಲಿ ನಡೆಯಿತು, ನನ್ನ ನೆನಪಿನಲ್ಲಿ ಮಾತ್ರ ಅದು ನಮ್ಮ ಕನ್ನಡದಲ್ಲೇ ಉಳಿದಿದೆ.

"ಉತ್ತರ ನಿಮಗ ಉಲ್ಟಾನೂ ಬರಬಹುದು, ಆಜಿ. ಬಂದ್ರ ನಾನು ಮುಚ್ಚಿಡೂದಿಲ್ಲ."

ಆಜಿ "ಕಾಳು ಯಾರು ಎಣಸ್ತಾರ?" ಎಂದು ಕೇಳಿದಳು.

"ನಾನು, ಈ ಹುಡುಗಿ."

"ನಿಮ್ಮ ಮಡಕಿ, ನಿಮ್ಮ ಪರದೆ, ಎಣಸೂದೂ ನೀವು. ನಮ್ಮ ಹುಡುಗರು ಯಾಕ ನಂಬಬೇಕು? ನಮ್ಮಪ್ಪನ ಕಾಲದಿಂದ ನಮ್ಮನ್ನ ಎಣಿಸಿದವರೆಲ್ಲ ಹೊರಗಿನವರೇ. ಮುಂಜಾನಿ ಎಣಸ್ತಿದ್ರು, ಸಂಜಿಕ ಎಣಸ್ತಿದ್ರು."

ನಾನು ಬಾಯಿಯವರ ಮುಖ ನೋಡಿದೆ. ಅವರ ಮುಖದಲ್ಲಿ ಬೇಸರವಿರಲಿಲ್ಲ. ಮಗ್ಗಿ ತಪ್ಪಿದ್ದೆಲ್ಲಿ ಎಂದು ಗೊತ್ತಾದ ಹುಡುಗಿಯ ಸಂತೋಷವಿತ್ತು.

"ಖರೆ ಅದ" ಎಂದರು. "ನೀವೇ ಎಣಸ್ರಿ. ಮಡಕಿ ನಿಮ್ಮ ಮನಿಯವೇ ಇರ್ಲಿ. ಎಷ್ಟು ಜೋಳ, ಎಷ್ಟು ತೊಗರಿ ಅಂತ ಬಾಯಿಲೆ ಹೇಳ್ರಿ, ಕಾಳು ಕಲಸಿಬಿಡ್ರಿ."

ನನಗೆ ದಿಗಿಲಾಯಿತು. ಉತ್ತರಿಸಿದವರೇ ಎಣಿಸಿದರೆ ಆಜಿ ಏನು ಬೇಕಾದರೂ ಹೇಳಬಹುದಲ್ಲ. ಬಾಯಿಯವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಮೆಲ್ಲಗೆ ಅಂದರು, "ನಾವು ಅವರನ್ನ ನಂಬಲಿಕ್ಕೆ ತಯಾರ ಇಲ್ಲಂದ್ರ, ಅವರು ನಮ್ಮನ್ನ ನಂಬಲಿ ಅನ್ನೂದು ಯಾವ ನ್ಯಾಯ?"

ಅಂದು ಹುಡುಗರು ಬಂದ ರೀತಿಯೇ ಬೇರೆ. ಆಜಿ ಪರದೆಯ ಹೊರಗೆ ಕೋಲೂರಿ ಕೂತಿದ್ದಳು. ಒಳಗೆ ಹೋದ ಹುಡುಗರು ತಡಮಾಡಿ ಹೊರಬರುತ್ತಿದ್ದರು, ಯೋಚಿಸುತ್ತಿದ್ದರು. ಒಬ್ಬ ಅರ್ಧಕ್ಕೆ ಪರದೆ ಸರಿಸಿ, "ಆಜಿ, ನಿನ್ನ ಗಂಟಿನಿಂದ ಅಡಿಕೆ ತಗೊಂಡದ್ದೂ ಲೆಕ್ಕಕ್ಕ ಹಿಡೀಬೇಕೇನು?" ಎಂದು ಕೇಳಿದ. ಆಜಿ ಕೋಲೆತ್ತಿ, "ಅದನ್ನ ಮೊದಲು ಹಿಡಿ" ಎಂದಳು. ಇಡೀ ಅಂಗಳ ನಕ್ಕಿತು.

ಮಧ್ಯಾಹ್ನ ಆಜಿ ಹಾಸಿದ ಗೋಣಿಯ ಮೇಲೆ ಒಂದೊಂದೇ ಮಡಕೆ ಬೋರಲು ಹಾಕಿ ಎಣಿಸಿದಳು. ಏನನ್ನೂ ಮರೆಮಾಡಲಿಲ್ಲ. ಕಾವಲಿನ ಮಡಕೆಯಿಂದ ಜೋಳ ಸುರಿಯಿತು. ಹೊಡೆದಾಟದಲ್ಲಿ ವಸಾಹತಿನ ಹುಡುಗರು ಮುಂದಿದ್ದರು. ಬೇಲಿ ಹಾರುವುದರಲ್ಲಿ ವರ್ಕ್‌ಶಾಪಿನವರೇ ಒಂದು ಕೈ ಮೇಲು. ದ್ರಾಕ್ಷಿ ತೋಟಗಳ ನಡುವೆ ಬೆಳೆದವರು ಅವರು. ಟಿಕೀಟಿನಲ್ಲಿ ಇಬ್ಬರೂ ಒಂದೇ. 'ಕೇಳದೆ ತೆಗೆದುಕೊಂಡ' ಮಡಕೆಯ ಸರದಿ ಬಂದಾಗ ನಾನು ಗೋಣಿಯ ಹತ್ತಿರಕ್ಕೆ ಸರಿದೆ. ಅದೂ ಹೆಚ್ಚುಕಡಿಮೆ ಸಮ ಸಮ. ಎರಡು ಗುಂಪಿನ ಹೆಸರು ಅದಲುಬದಲು ಮಾಡಿದರೂ ಯಾರಿಗೂ ತಿಳಿಯುತ್ತಿರಲಿಲ್ಲ.

ಒಂದು ಮಡಕೆ ಮಾತ್ರ ಬೇರೆಯಾಗಿತ್ತು. ಪೊಲೀಸರು ಹಿಡಿದೊಯ್ದದ್ದು. ವರ್ಕ್‌ಶಾಪಿನಲ್ಲಿ ಆ ಮಡಕೆಯಲ್ಲಿ ಜೋಳದ ಕಾಳು ಹುಡುಕಬೇಕಾಗಿತ್ತು. ಇಲ್ಲಿ ತೊಗರಿ ಹುಡುಕಬೇಕಾಯಿತು.

ಬಾಯಿಯವರು ನನ್ನತ್ತ ತಿರುಗಿ, "ತಿಳೀತೇನು? ದಫ್ತರದಾಗ ಇರೂದು ಯಾರು ಮಾಡಿದ್ರು ಅಂತಲ್ಲ, ಯಾರನ್ನ ಹಿಡದ್ರು ಅಂತ" ಎಂದರು. ಆ ಕೊನೆಯ ಪ್ರಶ್ನೆ ಯಾಕಿತ್ತೆಂದು ನನಗೆ ಆಗ ಗೊತ್ತಾಯಿತು. ಆಜಿ ಕಾಳನ್ನೆಲ್ಲ ಬೋಗುಣಿಗಳಲ್ಲಿ ಉಳಿದದ್ದರ ಜೊತೆ ಕಲಸಿ, ಹಸನು ಮಾಡಿ, ಸಂಜೆಗೆ ಕುದಿಸಿ ಹುಡುಗರಿಗೆ ಹಂಚಿದಳು.

ಸಮಿತಿಯ ಸಭೆ ನಾಶಿಕದಲ್ಲಿ, ಸಂಸ್ಥೆಯ ಮಹಡಿಯ ಕೋಣೆಯಲ್ಲಿ. ಜಡ್ಜ್ ಸಾಹೇಬರು, ನಮ್ಮ ಎಂಜಿನಿಯರು, ಘೋಟಿಯ ಅಕ್ಕಿ ಗಿರಣಿಯ ಮಾಲೀಕರು, ಇನ್ನೂ ನಾಲ್ಕು ಮಂದಿ ಹಿರಿಯರು. ಬಾಯಿಯವರು ನಿಂತು ವರದಿ ಹೇಳಿದರು. ಅಲಂಕಾರವಿಲ್ಲದೆ, ಹೊಡೆದಾಟದ ವಿಷಯವನ್ನೂ ಬಿಡದೆ.

ಗಿರಣಿಯ ಮಾಲೀಕರು ಮೊದಲು ಬಾಯಿ ತೆರೆದರು. "ಅವರು ಸುಳ್ಳು ಹೇಳಿರಬೇಕು, ಬಾಯಿ. ಕಡಿಮಿ ತೋರಿಸಿದಾರ. ಅದರಾಗೇನು ವಿಶೇಷ?"

"ಇರಬಹುದು" ಎಂದರು ಬಾಯಿಯವರು. "ಆದ್ರ ನಿಮ್ಮ ವರ್ಕ್‌ಶಾಪಿನ ಹುಡುಗರು ಖರೆ ಹೇಳ್ಯಾರ ಅಂತ ಒಪ್ತೀರಲ್ಲ? ಅವರ ಮಡಕಿ ಲೆಕ್ಕನೂ ಈಗ ಕೇಳೀರಿ. ಆದ್ರೂ ಅವರ ಕೈಯಾಗ ಹತಾರ ಕೊಟ್ಟೀರಿ. ವರ್ಕ್‌ಶಾಪ್ ನಡದದ."

ಇನ್ನೊಬ್ಬರು, ಇದೆಲ್ಲ ಪುಸ್ತಕದ ಮಾತು, ಒಳ್ಳೆಯ ಮನೆತನದವರ ತುಂಟತನ ಬೇರೆ, ಇವರದು ಬೇರೆ ಎಂದರು. ಮಾತು ಕೈತಪ್ಪುವ ಹಾಗೆ ಕಂಡಿತು.

ಬಾಯಿಯವರು ನನಗೆ ಸನ್ನೆ ಮಾಡಿದರು. ನಾನು ಬುಟ್ಟಿಯಿಂದ ಒಂದೇ ಒಂದು ಮಡಕೆ, ಎರಡು ಬೋಗುಣಿ ತೆಗೆದು ಮೂಲೆಯ ಕಪಾಟಿನ ಮರೆಯಲ್ಲಿಟ್ಟೆ.

"ದೊಡ್ಡವರು, ನಿಮಗೂ ಒಂದು ಪ್ರಶ್ನಿ" ಎಂದರು ಬಾಯಿಯವರು. "ಹದಿನಾರು ವರ್ಷದವರಿದ್ದಾಗ ಬೇರೆಯವರದು ಏನರೆ ಕೇಳಲಾರದ ತಗೊಂಡಿದ್ರೇನು? ಹೌದಿಗೆ ಜೋಳ, ಇಲ್ಲಕ್ಕ ತೊಗರಿ. ನಾನೂ ಈ ಹುಡುಗಿನೂ ಹೊರಗ ಹೋಗ್ತೀವಿ. ಮಡಕಿ ನೀವೇ ಇಟ್ಕೊಳ್ರಿ, ನೀವೇ ನೋಡ್ರಿ. ನನಗ ಹೇಳಬೇಕಾಗಿಲ್ಲ. ಉತ್ತರ ಕೊಟ್ಟವರೇ ಎಣಸೂದು, ಇದು ಆಜಿ ಕಲಿಸಿದ ನಿಯಮ."

ಗಿರಣಿಯ ಮಾಲೀಕರು ಇದು ಅವಮಾನ ಎನ್ನಲು ಹೊರಟಿದ್ದರು. ಅಷ್ಟರಲ್ಲಿ ಜಡ್ಜ್ ಸಾಹೇಬರು ಕುರ್ಚಿಯಿಂದ ಎದ್ದರು. "ಮೂವತ್ತು ವರ್ಷ ಬೇರೆಯವರಿಂದ ಉತ್ತರ ಕೇಳಿದೀನಿ. ನನ್ನನ್ನು ಯಾರೂ ಕೇಳಿರಲಿಲ್ಲ" ಎಂದು ಕಪಾಟಿನ ಕಡೆ ನಡೆದರು.

ನಾವು ಹೊರಗಿನ ಮೊಗಸಾಲೆಯಲ್ಲಿ ನಿಂತೆವು. ಕೆಳಗೆ ರಸ್ತೆಯಲ್ಲಿ ರಾಮಕುಂಡಕ್ಕೆ ಹೋಗುವ ಯಾತ್ರಿಕರ ಟಾಂಗಾಗಳು. ಬಾಯಿಯವರು ನಿರಾಳವಾಗಿ ಮೆಣಸಿನಕಾಯಿ ತಿನ್ನುತ್ತಿದ್ದರು. ಒಳಗೆ ಮೊದಲು ಹೆಜ್ಜೆಗಳ ಸದ್ದು, ಕುರ್ಚಿಗಳ ಸದ್ದು, ಆಮೇಲೆ ಒಬ್ಬರ ನಗು. ಇನ್ನೊಬ್ಬರದು ಸೇರಿತು. ಮುದುಕರು ಬಾಲ್ಯ ನೆನೆದು ನಗುವ, ಕೆಮ್ಮು ಬೆರೆತ, ತಡೆಯಲಾರದ ನಗು. ಗಿರಣಿಯ ಮಾಲೀಕರ ನಗು ಎಲ್ಲರಿಗಿಂತ ದೊಡ್ಡದಾಗಿತ್ತು.

ಬಾಗಿಲು ತೆರೆಯಿತು. ಜಡ್ಜ್ ಸಾಹೇಬರು ಕಣ್ಣೊರೆಸಿಕೊಳ್ಳುತ್ತಿದ್ದರು. ಮಡಕೆ ಅವರ ಕೈಯಲ್ಲೇ ಇತ್ತು, ಅದರ ಬಾಯನ್ನು ಅಂಗೈಯಿಂದ ಮುಚ್ಚಿದ್ದರು. ಅದರಲ್ಲಿ ಏನಿತ್ತೆಂದು ನಾವು ಕೇಳಲಿಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ.

"ಬಾಯಿ" ಎಂದರು ಜಡ್ಜ್ ಸಾಹೇಬರು, "ಫರಕು ಇಷ್ಟೇ. ನಮ್ಮನ್ನ ಯಾರೂ ಹಿಡೀಲಿಲ್ಲ."

ಆ ಜೂನ್‌ನಲ್ಲಿ ವಸಾಹತಿನ ಹುಡುಗರು ವರ್ಕ್‌ಶಾಪಿಗೆ ಸೇರಿದರು. ಏನೂ ಕಳೆಯುವುದಿಲ್ಲ ಎಂದು ಬಾಯಿಯವರು ಯಾರಿಗೂ ಮಾತು ಕೊಟ್ಟಿರಲಿಲ್ಲ. "ಹಿಂದ ಕಳದಷ್ಟು ಮುಂದೂ ಕಳೀತದ" ಎಂದಷ್ಟೇ ಹೇಳಿದ್ದರು. ಹಾಗೆಯೇ ಪ್ರತಿ ವರ್ಷದಂತೆ ಆ ವರ್ಷವೂ ಒಂದೆರಡು ಅರಗಳು ಮಾಯವಾದವು. ಯಾವ ಓಣಿಯ ಹುಡುಗ ಎಂದು ಈ ಸಲ ಯಾರೂ ಕೇಳಲಿಲ್ಲ. ನನ್ನ ಲೆಕ್ಕದಲ್ಲಿ ನಾವು ಗೆದ್ದದ್ದು ಆ ದಿನ.

ಮೊದಲ ತಂಡಕ್ಕೆ ಪ್ರಮಾಣಪತ್ರ ಕೊಡುವ ದಿನ ನಮ್ಮನ್ನೂ ಕರೆದಿದ್ದರು. ಜಡ್ಜ್ ಸಾಹೇಬರು ಮುಖ್ಯ ಅತಿಥಿಯ ಕುರ್ಚಿಯಲ್ಲಿ ಬಾಯಿಯವರನ್ನು ಕೂರಿಸಲು ನೋಡಿದರು. ಅವರು ಆಜಿಯ ಕೈಹಿಡಿದು ತಂದು ಅಲ್ಲಿ ಕೂರಿಸಿ, ತಾವು ಹೆಂಗಸರ ಸಾಲಿಗೆ ಬಂದರು. ಹುಡುಗರು ಒಬ್ಬೊಬ್ಬರಾಗಿ ವೇದಿಕೆ ಹತ್ತಿದರು. ಆಜಿ ಪ್ರತಿಯೊಬ್ಬನನ್ನೂ ಅಡಿಯಿಂದ ಮುಡಿಯವರೆಗೆ ನೋಡಿ ಕಾಗದ ಕೊಡುತ್ತಿದ್ದಳು. ಅವರಲ್ಲಿ ಇಬ್ಬರಿಗೆ ಅದೇ ತಿಂಗಳು ಓಝರ್‌ನಲ್ಲಿ ಕೆಲಸ ಸಿಕ್ಕಿತು. ಒಬ್ಬ ಮುಂದೆ ಫೋರ್‌ಮನ್ ಆದ. ಎಂಜಿನಿಯರು ಹೇಳುತ್ತಿದ್ದರು, ಅವನು ಹೊಸಬರಿಗೆ ಹತಾರದ ಪೆಟ್ಟಿಗೆಯ ಕೀಲಿಯನ್ನು ಮೊದಲ ದಿನವೇ ಕೊಟ್ಟುಬಿಡುತ್ತಾನೆ ಎಂದು.

ಬಾಯಿಯವರು ಆಮೇಲೆ ಬಹಳ ವರ್ಷ ಬದುಕಲಿಲ್ಲ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಹೃದಯ ಸೋತಿತು. ಔರಂಗಾಬಾದಿನ ಆಸ್ಪತ್ರೆಯಲ್ಲಿ ನಾನು ಪಕ್ಕದಲ್ಲಿದ್ದೆ. ಬೆಳಗಿನ ಸರದಿಯ ಎಳೆಯ ಡಾಕ್ಟರು ಬಂದು, ಹಾಸಿಗೆಯ ಕಾಲ ಬಳಿ ನಿಂತು, ಹಲಗೆಗೆ ಸಿಕ್ಕಿಸಿದ ಕಾಗದ ನೋಡುತ್ತ ಮರಾಠಿಯಲ್ಲಿ ಕೇಳಿದ, "ರಾತ್ರಿ ನಿದ್ದಿ ಬಂತಾ? ನೋವೇನೂ ಇಲ್ಲಲ್ಲ?"

"ಇಲ್ಲ" ಎಂದರು ಬಾಯಿಯವರು. ಅವನು ಬರೆದುಕೊಂಡ.

"ಅದು ಸುಳ್ಳು, ಡಾಕ್ಟರ್" ಎಂದರು. ಉಸಿರು ಸಾಲದಿದ್ದರೂ ಮುಖದಲ್ಲಿ ಪಾಠ ಶುರುಮಾಡುವ ಉಲ್ಲಾಸ. "ನೀವು ನಿಂತು ಕೇಳಿದ್ರಿ, ಅವಸರ ಅದ ಅಂತ ತಿಳೀತು. 'ಇಲ್ಲಲ್ಲ' ಅಂದ್ರಿ, ಉತ್ತರ ನೀವೇ ಹೇಳಿಕೊಟ್ರಿ. ಆ ಸ್ಟೂಲ್ ತಗೋರಿ. ಕೂತು, ನೋವು ಎಲ್ಲಿ ಅದ ಅಂತ ಕೇಳ್ರಿ."

ಹುಡುಗ ಕೆಂಪಾದ. ಕೋಪ ಬರಬಹುದೆಂದುಕೊಂಡೆ. ಅವನು ಕಾಗದದ ಹಲಗೆಯನ್ನು ಕೆಳಗಿಟ್ಟು, ಸ್ಟೂಲು ಎಳೆದುಕೊಂಡು ಕೂತು, ಅವರು ಹೇಳಿದ ಹಾಗೆಯೇ ಕೇಳಿದ. ಬಾಯಿಯವರು ಎಲ್ಲವನ್ನೂ ಹೇಳಿದರು: ನೋವು ಎಲ್ಲಿ ಹುಟ್ಟುತ್ತದೆ, ಎಲ್ಲಿಗೆ ಇಳಿಯುತ್ತದೆ, ಯಾವಾಗ ಅಂಜಿಕೆ ಬರುತ್ತದೆ. ಅವರಿಗೂ ಅಂಜಿಕೆ ಎಂಬುದಿದೆ ಎಂದು ನನಗೆ ತಿಳಿದದ್ದೇ ಆಗ. ಅವನು ಹೋದ ಮೇಲೆ ಕಣ್ಣು ಮುಚ್ಚಿ, "ಹುಡುಗ ಕಲೀತಾನ" ಎಂದರು, ಬಹಳ ತೃಪ್ತಿಯಿಂದ.

ಆ ವಾರವೇ ಹೋದರು. ಅವರ ಬಟ್ಟೆಬರೆ ತರಲು ನಾನು ಮರುದಿನ ಆ ವಾರ್ಡಿಗೆ ಹೋದಾಗ, ಅದೇ ಡಾಕ್ಟರು ಕಿಟಕಿಯ ಪಕ್ಕದ ಹಾಸಿಗೆಯ ಬಳಿ ಸ್ಟೂಲಿನ ಮೇಲೆ ಕೂತಿದ್ದ. ಎದುರಿಗಿದ್ದ ರೈತ ಹೆಂಗಸು ಏನೋ ಹೇಳುತ್ತಿದ್ದಳು, ನಿಧಾನವಾಗಿ, ನಡುನಡುವೆ ನಿಲ್ಲಿಸಿ. ಅವನು ಬರೆದುಕೊಳ್ಳುತ್ತಿರಲಿಲ್ಲ, ಗಡಿಯಾರ ನೋಡುತ್ತಿರಲಿಲ್ಲ. ಅವಳ ಮಾತು ಮುಗಿಯುವವರೆಗೆ ನಾನು ಬಾಗಿಲಲ್ಲೇ ನಿಂತಿದ್ದೆ.